ಹೆಸರು ಒಂದೇ, ಮನುಷ್ಯ ಬೇರೆ

ಕಳೆದ ಜುಲೈ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಒಪ್ಪಿಕೊಳ್ಳುವುದಕ್ಕೂ, ಅದರಿಂದ ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುವುದಕ್ಕೂ ಈ ಲೇಖನ ಬರೆಯುತ್ತಿದ್ದೇನೆ. ಒಬ್ಬ ವ್ಯಕ್ತಿ ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದಿದ್ದಾನೋ ಇಲ್ಲವೋ ಎಂದು ನಮ್ಮ ಬೆಂಗಳೂರಿನಲ್ಲಿ ತಿಳಿಯುವುದು ಹೇಗೆ? ತಿಳಿದ ಮೇಲೆ ಏನು ಮಾಡಬೇಕು? ಮೊದಲನೆಯ ಪ್ರಶ್ನೆಗೆ ಮೊಬೈಲ್ ಇದ್ದರೆ ಸಾಕು. ಎರಡನೆಯದರಲ್ಲಿ ನಾನು ಎಡವಿದೆ.

ನನ್ನ ತಂಗಿ ಮೂರನೇ ತರಗತಿಯಲ್ಲಿ ಓದುತ್ತಾಳೆ. ಶಾಲೆಗೆ ವ್ಯಾನಿನಲ್ಲಿ ಹೋಗುತ್ತಾಳೆ. ಆ ವ್ಯಾನ್ ಓಡಿಸುವವರನ್ನು ನಮ್ಮ ಬೀದಿಯವರೆಲ್ಲ ವ್ಯಾನ್ ಚಾಚಾ ಎಂದು ಕರೆಯುತ್ತೇವೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಮಾಡಿದ ಹಾನಿಯೇ ಸಾಕು. ಅವರ ವಯಸ್ಸು ಐವತ್ತು ದಾಟಿದೆ. ವ್ಯಾನ್ ಅವರದೇ, ಸಾಲ ಇನ್ನೂ ತೀರಿಲ್ಲ. ಹದಿನಾಲ್ಕು ಮಕ್ಕಳು ಅದರಲ್ಲಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಯಾರೋ ಒಬ್ಬ ತಾಯಿಗೆ ಚಾಚಾ ಅವರ ಕಣ್ಣು ಕೆಂಪಾಗಿ ಕಂಡಿತು, ಮಾತು ತೊದಲಿದಂತೆ ಕೇಳಿಸಿತು. ಅವರಿಗೆ ಹಿಂದಿನ ರಾತ್ರಿಯಿಂದ ಜ್ವರವಿತ್ತು ಎಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆದರೆ ಅಂದು ಮಧ್ಯಾಹ್ನವೇ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಪ್ರಶ್ನೆ ಬಂತು: ವ್ಯಾನ್‌ನವರು ಕುಡಿಯುತ್ತಾರಾ? ಅಮ್ಮಿ ಗಾಬರಿಯಾದರು. ನನ್ನನ್ನು ಕರೆದು, "ನೀನು ಕಾಲೇಜಿಗೆ ಹೋಗುತ್ತೀಯ, ಮೊಬೈಲಿನಲ್ಲಿ ಎಲ್ಲ ಹುಡುಕುತ್ತೀಯ. ಇದನ್ನೂ ನೋಡು ಬೇಟಾ" ಎಂದರು.

ನಾನು ನೋಡಿದೆ. ಇ-ಕೋರ್ಟ್ಸ್ ಎಂಬ ಸರ್ಕಾರಿ ಸೇವೆ ಇದೆ. ರಾಜ್ಯ, ಜಿಲ್ಲೆ, ನ್ಯಾಯಾಲಯದ ಸಂಕೀರ್ಣ ಆರಿಸಿ, ಹೆಸರು ಮತ್ತು ವರ್ಷ ಹಾಕಿದರೆ ಆ ಹೆಸರಿನ ಪ್ರಕರಣಗಳ ಪಟ್ಟಿ ಬರುತ್ತದೆ. ಹಣ ಕೊಡಬೇಕಿಲ್ಲ. ಚಾಚಾ ಅವರ ಹೆಸರು ಹಾಕಿದೆ. ಎರಡು ವರ್ಷಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯ ವರ್ಷ ಹಾಕಿದಾಗ ಸಿಕ್ಕಿತು. ಒಂದು ಕಡೆ ಸಂಚಾರ ಪೊಲೀಸ್ ಠಾಣೆ, ಇನ್ನೊಂದು ಕಡೆ ಅದೇ ಹೆಸರು. ತೆರೆದು ನೋಡಿದರೆ ಮೋಟಾರು ವಾಹನಗಳ ಕಾಯ್ದೆ, ಸೆಕ್ಷನ್ 185. ಕುಡಿದು ವಾಹನ ಚಲಾಯಿಸಿದ್ದಕ್ಕೆ ಹಾಕುವ ಸೆಕ್ಷನ್ ಅದೇ. ನನ್ನ ಎದೆ ಬಡಿದುಕೊಂಡಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ದೊಡ್ಡವರಿಗೆ ಗೊತ್ತಿಲ್ಲದ್ದನ್ನು ನಾನು ಐದು ನಿಮಿಷದಲ್ಲಿ ಕಂಡುಹಿಡಿದಿದ್ದೆ.

ಸ್ಕ್ರೀನ್‌ಶಾಟ್ ತೆಗೆದು ಅಮ್ಮಿಗೆ ಕಳಿಸಿದೆ. ಅಮ್ಮಿ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಆರು ಮನೆಯವರು ನಾಳೆಯಿಂದ ಮಕ್ಕಳನ್ನು ಕಳಿಸುವುದಿಲ್ಲ ಎಂದರು. ವಾರ ಮುಗಿಯುವಷ್ಟರಲ್ಲಿ ಒಂಬತ್ತು ಮಂದಿ ಬಿಟ್ಟರು. ಒಂದು ಮಗುವಿಗೆ ತಿಂಗಳಿಗೆ 1,500 ರೂಪಾಯಿ. ಒಂಬತ್ತು ಮಕ್ಕಳಿಗೆ 13,500. ಡೀಸೆಲ್ ಖರ್ಚು ಹಾಗೇ ಉಳಿಯಿತು, ಬ್ಯಾಂಕಿನ ಕಂತೂ ಹಾಗೇ ಉಳಿಯಿತು. ಕಾಮರ್ಸ್ ಓದುವ ನನಗೆ ಈ ಲೆಕ್ಕ ಹಾಕಲು ಕಾಗದವೂ ಬೇಕಿರಲಿಲ್ಲ. ಆದರೆ ಸ್ಕ್ರೀನ್‌ಶಾಟ್ ಕಳಿಸುವ ಮೊದಲು ಅದನ್ನು ನಾನು ಹಾಕಿರಲಿಲ್ಲ.

ಒಂದು ರಾತ್ರಿ ಇಶಾ ನಮಾಜಿನ ನಂತರ ಚಾಚಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಲೈಸೆನ್ಸ್, ಆಧಾರ್, ವ್ಯಾನಿನ ಆರ್‌ಸಿ ಇದ್ದವು. ಅವರು ಕೂಗಾಡಲಿಲ್ಲ. ಅಬ್ಬು ಮುಂದೆ ಕುಳಿತು, "ಭಾಯಿ, ಆ ಠಾಣೆ ಎಲ್ಲಿದೆ ಎಂದೇ ನನಗೆ ಗೊತ್ತಿಲ್ಲ. ಆ ಕಡೆಗೆ ನಾನು ವ್ಯಾನ್ ತೆಗೆದುಕೊಂಡು ಹೋದವನೇ ಅಲ್ಲ. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ" ಎಂದರು. ಅಬ್ಬು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ನಮ್ಮ ಪಕ್ಕದ ಬೀದಿಯ ವಕೀಲರೊಬ್ಬರು ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಆ ಕಡತ ನೋಡಿಸಿದರು. ಹನ್ನೊಂದು ದಿನ ಹಿಡಿಯಿತು. ಕಡತದಲ್ಲಿದ್ದವನ ವಯಸ್ಸು 24. ತಂದೆಯ ಹೆಸರು ಬೇರೆ, ವಿಳಾಸ ನಗರದ ಇನ್ನೊಂದು ತುದಿಯದು, ವಾಹನ ಸ್ಕೂಟರ್. ಹೆಸರು ಮಾತ್ರ ಒಂದೇ.

ಅಕೌಂಟೆನ್ಸಿ ತರಗತಿಯಲ್ಲಿ ನಾವೆಲ್ಲ ಓದಿದ್ದೇವೆ. ಒಂದೇ ಹೆಸರಿನ ಇಬ್ಬರು ಗ್ರಾಹಕರಿದ್ದು, ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಬರೆದರೆ ಅದು ಎರರ್ ಆಫ್ ಕಮಿಷನ್. ಇದರ ಅಪಾಯ ಏನೆಂದರೆ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ತಾಳೆಯಾಗುತ್ತದೆ. ಮೊತ್ತ ಸರಿ, ದಿನಾಂಕ ಸರಿ, ಖಾತೆ ಮಾತ್ರ ತಪ್ಪು. ನಾನು ಮಾಡಿದ್ದು ಅದನ್ನೇ. ಸ್ಕ್ರೀನ್‌ಶಾಟ್ ನಕಲಿಯಲ್ಲ, ಪ್ರಕರಣ ಸುಳ್ಳಲ್ಲ, ಸೆಕ್ಷನ್ ಸರಿಯಾದದ್ದೇ. ಬರೆದದ್ದು ಬೇರೆಯವರ ಖಾತೆಗೆ.

ಇದಾದ ಮೇಲೆ ನಾನು ವಕೀಲರ ಬಳಿ ಕುಳಿತು ಈ ದಾಖಲೆಗಳು ಹೇಗೆ ಹುಟ್ಟುತ್ತವೆ ಎಂದು ಕೇಳಿ ತಿಳಿದುಕೊಂಡೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಸೆಕ್ಷನ್ 185ರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಅಥವಾ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ. ಅಪರಾಧಿ ಎಂದು ತೀರ್ಪಾದರೆ ಕನಿಷ್ಠ ಆರು ತಿಂಗಳು ವಾಹನ ಓಡಿಸದಂತೆ ಅನರ್ಹಗೊಳಿಸಬೇಕು ಎಂದೂ ಅದೇ ಕಾಯ್ದೆಯ ಸೆಕ್ಷನ್ 20 ಹೇಳುತ್ತದೆ. ಹೆಲ್ಮೆಟ್ ಹಾಕದಿದ್ದರೆ ರಸ್ತೆಯಲ್ಲೇ ದಂಡ ಕಟ್ಟಿ ಹೋಗಬಹುದು. ಇದಕ್ಕೆ ಹಾಗಿಲ್ಲ. ಪೊಲೀಸರು ಸ್ಥಳದಲ್ಲೇ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಸೆಕ್ಷನ್ 185 ಇಲ್ಲ. ಆದ್ದರಿಂದ ಕುಡಿದು ಓಡಿಸಿದ ಪ್ರಕರಣ ನ್ಯಾಯಾಲಯಕ್ಕೆ ಹೋಗಲೇಬೇಕು. ಹೋದ ಮೇಲೆ ಅಲ್ಲಿ ದಾಖಲೆ ಉಳಿಯುತ್ತದೆ.

ಬಂಧನದ ದಾಖಲೆ ಬೇರೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ತನ್ನ ಎದುರಿನಲ್ಲೇ ಈ ಅಪರಾಧ ನಡೆದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಹಾಗೆ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 37ರ ಪ್ರಕಾರ, ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಮಾಹಿತಿ ಇಡಲು ಪ್ರತಿ ಠಾಣೆಯಲ್ಲೂ ಜಿಲ್ಲೆಯಲ್ಲೂ ಒಬ್ಬ ಅಧಿಕಾರಿ ಇರಬೇಕು, ಆ ಮಾಹಿತಿ ಜನರಿಗೆ ಕಾಣುವಂತೆ ಪ್ರದರ್ಶಿಸಬೇಕು. ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ.

ಹೀಗೆ ದಾಖಲೆ ಮೂರು ಕಡೆ ಇರಬಹುದು: ಠಾಣೆಯಲ್ಲಿ, ಎಫ್‌ಐಆರ್‌ನಲ್ಲಿ, ನ್ಯಾಯಾಲಯದಲ್ಲಿ. ಈ ಮೂರರ ಅರ್ಥ ಒಂದೇ ಅಲ್ಲ. ಬಂಧನ ಎಂದರೆ ಪೊಲೀಸರು ಹಿಡಿದರು ಎಂದಷ್ಟೇ. ಎಫ್‌ಐಆರ್ ಎಂದರೆ ದೂರು ದಾಖಲಾಯಿತು ಎಂದಷ್ಟೇ. ಅಪರಾಧ ಮಾಡಿದ್ದಾರೆ ಎಂದು ಹೇಳುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ. ಇ-ಕೋರ್ಟ್ಸ್‌ನಲ್ಲಿ "ಇತ್ಯರ್ಥವಾಗಿದೆ" ಎಂಬ ಅರ್ಥದ ಇಂಗ್ಲಿಷ್ ಪದ ಕಂಡಾಗ, ಅಪರಾಧ ಸಾಬೀತಾಗಿದೆ ಎಂದೇ ನಾನು ತಿಳಿದಿದ್ದೆ. ಖುಲಾಸೆಯಾದ ಪ್ರಕರಣವೂ ಇತ್ಯರ್ಥವಾದದ್ದೇ. ಹೇಗೆ ಇತ್ಯರ್ಥವಾಯಿತು ಎಂಬ ಸಾಲು ಅದರ ಕೆಳಗೇ ಇತ್ತು. ನಾನು ಓದಿರಲಿಲ್ಲ.

ಇನ್ನು ಹೆಸರಿನ ವಿಚಾರ. ನಮ್ಮ ತರಗತಿಯ ಹಾಜರಿ ಪುಸ್ತಕವನ್ನೇ ನೋಡಿ. ಎಷ್ಟು ಮೊಹಮ್ಮದ್, ಎಷ್ಟು ಸೈಯದ್, ಎಷ್ಟು ಶೇಖ್, ಎಷ್ಟು ಪಾಷಾ! ಉಪನ್ಯಾಸಕರು ನಮ್ಮನ್ನು ರೋಲ್ ನಂಬರಿನಿಂದ ಕರೆಯುವುದು ಸುಮ್ಮನೆ ಅಲ್ಲ. ಇಂಗ್ಲಿಷಿನಲ್ಲಿ ಮೊಹಮ್ಮದ್ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಕೆಲವರು ಎಂ.ಡಿ. ಎಂದು ಎರಡೇ ಅಕ್ಷರದಲ್ಲಿ ಮುಗಿಸುತ್ತಾರೆ. ಹಾಗಾಗಿ ಹುಡುಕಿದಾಗ ಬೇಕಾದವರು ಸಿಗದೇ ಹೋಗಬಹುದು, ಬೇಡವಾದವರು ಸಿಗಬಹುದು. ಇದು ನಮ್ಮವರಿಗೆ ಮಾತ್ರ ಬಂದ ಕಷ್ಟವಲ್ಲ. ಬೆಂಗಳೂರಿನಲ್ಲಿ ಮಂಜುನಾಥ, ರವಿಕುಮಾರ್ ಎಂಬವರು ಎಷ್ಟು ಜನ ಇದ್ದಾರೆ ಯೋಚಿಸಿ. ನಾನು ನೋಡಿದ ಪುಟದಲ್ಲಿ ವಯಸ್ಸಿರಲಿಲ್ಲ, ತಂದೆಯ ಹೆಸರಿರಲಿಲ್ಲ. ಇದ್ದದ್ದು ಹೆಸರು, ಠಾಣೆ, ಸೆಕ್ಷನ್, ದಿನಾಂಕಗಳು.

ಈ ಕಥೆ ಕೇಳಿದ ನನ್ನ ಗೆಳೆಯನೊಬ್ಬ, "ಹಾಗಾದರೆ ಇಂಥ ದಾಖಲೆಗಳನ್ನು ಜನರಿಗೆ ತೋರಿಸಲೇಬಾರದು" ಎಂದ. ಅವನ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ರಾತ್ರಿ ತಪ್ಪು ಮಾಡಿ, ದಂಡ ಕಟ್ಟಿ, ಮತ್ತೆಂದೂ ಆ ದಾರಿಗೆ ಹೋಗದವನನ್ನು ನಲವತ್ತನೇ ವಯಸ್ಸಿನಲ್ಲೂ ಅದೇ ಪುಟ ತೆರೆದು ಅಳೆಯುವುದು ಸರಿಯೇ? ನಮ್ಮ ಸಮಾಜದಲ್ಲಂತೂ ಕುಡಿತದ ಆರೋಪ ದಂಡ ಕಟ್ಟಿದ ಮಾತ್ರಕ್ಕೆ ಮುಗಿಯುವುದಿಲ್ಲ. ಮಸೀದಿಯ ಸಾಲಿನಲ್ಲಿ ನಿಂತಾಗ, ಮಗಳ ರಿಶ್ತಾ ಮಾತಾಡುವಾಗ ಅದು ಹಿಂದೆ ಬರುತ್ತದೆ. ಚಾಚಾ ಎರಡು ಜುಮ್ಮಾ ನಮ್ಮ ಮಸೀದಿ ಬಿಟ್ಟು ದೂರದ ಮಸೀದಿಗೆ ಹೋದರು ಎಂದು ಆಮೇಲೆ ಅಬ್ಬು ಹೇಳಿದರು.

ಆದರೂ ದಾಖಲೆಗಳನ್ನು ಮುಚ್ಚಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಬೆಂಗಳೂರು ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಪಾಸಣೆ ಮಾಡಿದಾಗ ಕುಡಿದಿದ್ದ ಚಾಲಕರು ನಿಜವಾಗಿಯೇ ಸಿಕ್ಕಿಬಿದ್ದರು. ಅಂದರೆ ಆ ತಾಯಂದಿರ ಭಯ ಆಧಾರವಿಲ್ಲದ್ದಲ್ಲ. ಹಣವಿದ್ದವರು ವಕೀಲರನ್ನು ಇಟ್ಟು ಬೇಕಾದ್ದನ್ನು ತಿಳಿದುಕೊಳ್ಳುತ್ತಾರೆ. ಅಮ್ಮಿಯಂಥವರಿಗೆ ಇರುವುದು ಈ ತೆರೆದ ಬಾಗಿಲು ಮಾತ್ರ. ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರು ಪರಿಹಾರ ಕೇಳಲು ಹೋದಾಗ ಅವರಿಗೆ ಬೇಕಾಗುವುದೂ ಇದೇ ಎಫ್‌ಐಆರ್, ಇದೇ ನ್ಯಾಯಾಲಯದ ಕಡತ. ಮತ್ತೆ, ಚಾಚಾ ನಿರಪರಾಧಿ ಎಂದು ತೋರಿಸಿದ್ದೂ ಅದೇ ದಾಖಲೆ. ಕಡತ ತೆರೆದು ನೋಡಲು ಸಾಧ್ಯವಿಲ್ಲದಿದ್ದರೆ ಗ್ರೂಪಿನ ಗುಸುಗುಸು ಇಂದಿಗೂ ಮುಗಿಯುತ್ತಿರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ದಾಖಲೆ ತೆರೆದಿರಲಿ. ಆದರೆ ಹೆಸರು ಸಿಕ್ಕಿದ್ದನ್ನು ಮನುಷ್ಯ ಸಿಕ್ಕಿದ್ದು ಎಂದು ಯಾರೂ ತಿಳಿಯಬಾರದು. ಹುಡುಕಿದವರ ಮೇಲೆ ಖಚಿತಪಡಿಸಿಕೊಳ್ಳುವ ಹೊಣೆಯೂ ಇದೆ. ಆ ಹೊಣೆ ಹೊರಲು ಆಗದವರು ಅದನ್ನು ಇನ್ನೊಬ್ಬರಿಗೆ ಕಳಿಸಬಾರದು.

ನಾನು ಪಾಲಿಸಬೇಕಿದ್ದ, ಇನ್ನು ಮುಂದೆ ಪಾಲಿಸುವ ಕ್ರಮ ಹೀಗಿದೆ.

ಒಂದು, ಮೊದಲು ಕೇಳಿ. ಚಾಲಕರ ಲೈಸೆನ್ಸ್ ಸಂಖ್ಯೆ ಮತ್ತು ಜನ್ಮದಿನಾಂಕ ಇದ್ದರೆ ಪರಿವಾಹನ್ ಜಾಲತಾಣದಲ್ಲಿ ಆ ಲೈಸೆನ್ಸ್ ಚಾಲ್ತಿಯಲ್ಲಿದೆಯೋ, ಅಮಾನತಾಗಿದೆಯೋ ನೋಡಬಹುದು. ಎರಡನ್ನೂ ಅವರಿಂದಲೇ ಪಡೆಯಬೇಕಾದ್ದರಿಂದ ಅವರ ಬೆನ್ನ ಹಿಂದೆ ಏನೂ ನಡೆಯುವುದಿಲ್ಲ. ಚಾಚಾ ನಮ್ಮ ಮನೆಯಲ್ಲಿ ಕುಳಿತಿದ್ದಾಗ ಅಬ್ಬು ಅದನ್ನೇ ಮಾಡಿದರು. ಲೈಸೆನ್ಸ್ ಚಾಲ್ತಿಯಲ್ಲಿತ್ತು. ಎರಡು ನಿಮಿಷದ ಕೆಲಸ.

ಎರಡು, ಹೆಸರಿನಿಂದ ಹುಡುಕಿದರೆ ಅಲ್ಲಿಗೇ ನಿಲ್ಲಬೇಡಿ. ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಪ್ರಕರಣದ ರೋಲ್ ನಂಬರ್ ಇದ್ದ ಹಾಗೆ. ಒಂದು ಸಂಖ್ಯೆ ಒಂದೇ ಪ್ರಕರಣಕ್ಕೆ. ಅದನ್ನು ಬರೆದುಕೊಳ್ಳಿ. ಠಾಣೆ ಯಾವುದು, ದಿನಾಂಕ ಯಾವುದು, ಪ್ರಕರಣ ಬಾಕಿಯಿದೆಯೋ ಮುಗಿದಿದೆಯೋ, ಮುಗಿದಿದ್ದರೆ ಹೇಗೆ ಎಂದು ಪೂರ್ತಿ ಓದಿ.

ಮೂರು, ತಂದೆಯ ಹೆಸರು, ವಯಸ್ಸು, ವಿಳಾಸ, ಈ ಮೂರರಲ್ಲಿ ಎರಡಾದರೂ ತಾಳೆಯಾಗುವವರೆಗೆ "ಇವರೇ" ಎನ್ನಬೇಡಿ. ಅದಕ್ಕೆ ಕಡತ ನೋಡಬೇಕಾದರೆ ವಕೀಲರ ಮೂಲಕ ಕಾರಣ ಹೇಳಿ ಅರ್ಜಿ ಕೊಡಬಹುದು. ಅನುಮತಿ ಕೊಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು.

ನಾಲ್ಕು, ಏನೂ ಸಿಗದಿದ್ದರೆ "ಏನೂ ಇಲ್ಲ" ಎಂದೂ ಅರ್ಥವಲ್ಲ. ಬೇರೆ ಜಿಲ್ಲೆಯಲ್ಲಿ, ಬೇರೆ ಕಾಗುಣಿತದಲ್ಲಿ ಇರಬಹುದು. ನಿಜವಾಗಿ ಭರವಸೆ ಬೇಕಾದರೆ ಪೊಲೀಸ್ ಪರಿಶೀಲನಾ ಪತ್ರ ಕೇಳುವುದೇ ಸರಿ.

ಐದು, ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಬೇಡಿ. ಸಂಶಯವಿದ್ದರೆ ಶಾಲೆಯ ಮುಖ್ಯಸ್ಥರಿಗೆ ತಿಳಿಸಿ, ಚಾಲಕರು ಈಗಲೇ ಕುಡಿದಿರುವಂತೆ ಕಂಡರೆ 112ಕ್ಕೆ ಕರೆ ಮಾಡಿ. ಉಸಿರು ಪರೀಕ್ಷೆಯ ಯಂತ್ರ ಪೊಲೀಸರ ಬಳಿ ಇದೆ, ವಾಟ್ಸಾಪ್ ಬಳಿ ಇಲ್ಲ. ತಪ್ಪು ಮನುಷ್ಯನ ಮೇಲೆ ಆರೋಪ ಹೊರಿಸಿ ಹರಡುವುದು ಮಾನಹಾನಿಯೂ ಆಗಬಹುದು.

ಇನ್ನೊಂದು ಮಾತು ನಮ್ಮ ವಯಸ್ಸಿನವರಿಗೆ. ಹದಿನೆಂಟು ತುಂಬದವರು ಇಂಥ ಪ್ರಕರಣದಲ್ಲಿ ಸಿಕ್ಕಿದರೆ ಅವರ ಹೆಸರು, ವಿಳಾಸ, ಶಾಲೆ ಯಾವುದನ್ನೂ ಗುರುತು ಸಿಗುವಂತೆ ಪ್ರಕಟಿಸಬಾರದು ಎಂದು 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74 ಹೇಳುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಸರಿಗೆ ಅಂಟಿದ ಕಲೆ ಒಂದು ಬಾಳನ್ನು ಎಷ್ಟು ಕೆಡಿಸುತ್ತದೆ ಎಂದು ಗೊತ್ತಿರುವುದರಿಂದಲೇ ಕಾನೂನು ನಮಗೆ ಈ ರಕ್ಷಣೆ ಕೊಟ್ಟಿದೆ. ಕಾನೂನಿನ ಇಂಥ ರಕ್ಷಣೆ ಇರುವ ನಾನೇ ಐವತ್ತು ದಾಟಿದ ಒಬ್ಬರ ಹೆಸರನ್ನು ಗ್ರೂಪಿಗೆ ಕಳಿಸಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಡಳಿತಗಳಿಗೂ ಒಂದು ವಿನಂತಿ. ಮಕ್ಕಳ ವಾಹನದ ಚಾಲಕರನ್ನು ಪರಿಶೀಲಿಸುವ ಕೆಲಸವನ್ನು ತಾಯಂದಿರ ಗ್ರೂಪಿಗೆ ಬಿಡಬಾರದು. ವರ್ಷಕ್ಕೊಮ್ಮೆ ಲೈಸೆನ್ಸ್ ಮತ್ತು ಪೊಲೀಸ್ ಪರಿಶೀಲನಾ ಪತ್ರವನ್ನು ಶಾಲೆಯೇ ನೋಡಿ, ನೋಡಿದ್ದೇವೆ ಎಂದು ಪೋಷಕರಿಗೆ ಒಂದು ಸಾಲು ತಿಳಿಸಿದರೆ ಸಾಕು. ಪರಿಶೀಲನೆ ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಅವಮಾನವಾಗುವುದಿಲ್ಲ. ನಮ್ಮ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಯಾರಾದರೂ ವಕೀಲರನ್ನು ಕರೆಸಿ, ಎಫ್‌ಐಆರ್ ಮತ್ತು ನ್ಯಾಯಾಲಯದ ಪುಟ ಓದುವುದು ಹೇಗೆ ಎಂದು ಹೇಳಿಸಿದರೆ ಮೂರೂ ವಿಭಾಗದವರಿಗೆ ಉಪಯೋಗವಾಗುತ್ತದೆ. ನಾವು ಬ್ಯಾಲೆನ್ಸ್ ಶೀಟ್ ಓದಲು ಕಲಿಯುತ್ತೇವೆ. ಒಬ್ಬ ಮನುಷ್ಯನ ಬಗ್ಗೆ ಬರೆದ ಪುಟ ಓದಲೂ ಕಲಿಯಬೇಕು.

ಕಡತ ಸಿಕ್ಕ ದಿನ ಅಮ್ಮಿ ಅದೇ ಗ್ರೂಪಿನಲ್ಲಿ ಕ್ಷಮೆ ಕೇಳಿದರು. ತಪ್ಪು ನನ್ನದು, ಹುಡುಕಿದ್ದು ನಾನು ಎಂದು ಅವರ ಫೋನಿನಿಂದಲೇ ನಾನೂ ಉರ್ದುವಿನಲ್ಲಿ ಒಂದು ಸಂದೇಶ ಮಾತಾಡಿ ಕಳಿಸಿದೆ. ಒಂಬತ್ತು ಮಕ್ಕಳಲ್ಲಿ ಐದು ಮಕ್ಕಳು ವಾಪಸ್ ಬಂದರು. ಉಳಿದ ನಾಲ್ವರು ಅಷ್ಟರಲ್ಲಿ ಬೇರೆ ವ್ಯಾನಿಗೆ ಸೇರಿ ಮುಂಗಡ ಕೊಟ್ಟಾಗಿತ್ತು. ಅದನ್ನು ನಾನು ಸರಿಪಡಿಸಲು ಆಗಲಿಲ್ಲ.

ನಾನು ಚಾಚಾ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕುಡಿಸಿದರು. ಹೊರಡುವಾಗ, "ಮುಂದಿನ ಸಲ ಮೊದಲು ನನ್ನ ಹತ್ತಿರ ಬಾ" ಎಂದರು. ಈಗ ಪ್ರತಿ ತಿಂಗಳು ವ್ಯಾನಿನ ಫೀಸನ್ನು ನಾನೇ ಹೋಗಿ ಕೊಡುತ್ತೇನೆ. ತಂಗಿ ಮುಂದಿನ ಸೀಟಿನ ಹಿಂದೆ, ಕಿಟಕಿ ಪಕ್ಕ ಕೂರುತ್ತಾಳೆ. ಅದು ಯಾವಾಗಲೂ ಅವಳದೇ ಜಾಗ.